ಡೇಟಾ ಸೋರಿಕೆ: ಒಬ್ಬರನ್ನು ಕೆಲಸದಿಂದ ತೆಗೆದರೆ ಸಮಸ್ಯೆ ಮುಗಿಯುತ್ತದೆಯೇ?

ದೊಡ್ಡ ಕಂಪನಿಯೊಂದರ ಡೇಟಾ ಸೋರಿಕೆಯಾಗಿದೆ ಎಂಬ ಸುದ್ದಿ ಬಂದರೆ ಸಾಕು, ಸ್ವಲ್ಪ ಹೊತ್ತಿನಲ್ಲೇ ವಾಟ್ಸಾಪ್ ಗ್ರೂಪ್‌ಗಳಲ್ಲಿ ತೀರ್ಪೂ ಬಂದುಬಿಡುತ್ತದೆ. ‘ಯಾರೋ ಒಬ್ಬ ಸಿಬ್ಬಂದಿಯ ಬೇಜವಾಬ್ದಾರಿಯಿಂದ ಹೀಗಾಗಿದೆ, ಮೊದಲು ಅವನನ್ನು ಮನೆಗೆ ಕಳಿಸಿ’ ಎನ್ನುತ್ತಾರೆ. ಕೇಳಲು ಸರಿ ಎನಿಸುತ್ತದೆ. ಆದರೆ ಇಂಥ ಘಟನೆಗಳ ತನಿಖಾ ವರದಿಗಳನ್ನು ತೆರೆದು ಓದಿದರೆ ಸಿಗುವ ಕಥೆ ಬೇರೆಯದು.

ಈಕ್ವಿಫ್ಯಾಕ್ಸ್‌ನಲ್ಲಿ ನಿಜಕ್ಕೂ ಆಗಿದ್ದೇನು?

ನಾವು ಸಾಲ ಕೇಳಲು ಹೋದಾಗ ಬ್ಯಾಂಕಿನವರು ಸಿಬಿಲ್ ಸ್ಕೋರ್ ನೋಡುತ್ತಾರಲ್ಲ, ಅಮೆರಿಕದಲ್ಲಿ ಅಂಥದ್ದೇ ಕೆಲಸ ಮಾಡುವ ಕಂಪನಿ ಈಕ್ವಿಫ್ಯಾಕ್ಸ್. 2017ರಲ್ಲಿ ಅಲ್ಲಿಂದ ಸುಮಾರು 14.7 ಕೋಟಿ ಜನರ ಮಾಹಿತಿ ಕಳುವಾಯಿತು. ಹೆಸರು, ಹುಟ್ಟಿದ ದಿನಾಂಕ, ಸೋಷಿಯಲ್ ಸೆಕ್ಯೂರಿಟಿ ಸಂಖ್ಯೆ ಎಲ್ಲವೂ ಅದರಲ್ಲಿದ್ದವು.

ಕಳ್ಳರು ನುಗ್ಗಿದ್ದು ‘ಅಪಾಚೆ ಸ್ಟ್ರಟ್ಸ್’ ಎಂಬ ಸಾಫ್ಟ್‌ವೇರ್‌ನಲ್ಲಿದ್ದ ದೋಷದ ಮೂಲಕ. ಆ ದೋಷ ಮಾರ್ಚ್ ಮೊದಲ ವಾರದಲ್ಲೇ ಬಹಿರಂಗವಾಗಿತ್ತು, ಅದನ್ನು ಸರಿಪಡಿಸುವ ಅಪ್‌ಡೇಟ್ ಕೂಡ ಬಂದಿತ್ತು. ಅಮೆರಿಕ ಸರ್ಕಾರದ ಸೈಬರ್ ಸಂಸ್ಥೆ ಎಚ್ಚರಿಕೆ ಕೊಟ್ಟಿತ್ತು. ಮಾರ್ಚ್ 9ರಂದು ಕಂಪನಿಯೊಳಗೇ ‘48 ಗಂಟೆಯೊಳಗೆ ಅಪ್‌ಡೇಟ್ ಮಾಡಿ’ ಎಂದು ಇಮೇಲ್ ಹೋಯಿತು. ಆದರೂ ಮೇ ಮಧ್ಯದಲ್ಲಿ ಒಳಗೆ ಬಂದ ಕಳ್ಳರು 76 ದಿನ ಅಲ್ಲೇ ಇದ್ದರು.

ಅಕ್ಟೋಬರ್‌ನಲ್ಲಿ ಅಮೆರಿಕದ ಸಂಸದರ ಮುಂದೆ ಹಾಜರಾದ ಕಂಪನಿಯ ಮಾಜಿ ಮುಖ್ಯಸ್ಥ ರಿಚರ್ಡ್ ಸ್ಮಿತ್, ಅಪ್‌ಡೇಟ್ ಮಾಡಬೇಕೆಂದು ಸಂಬಂಧಪಟ್ಟವರಿಗೆ ತಿಳಿಸಬೇಕಿದ್ದ ಒಬ್ಬ ವ್ಯಕ್ತಿ ತಿಳಿಸಲಿಲ್ಲ ಎಂದರು. ಅಂದರೆ ನಮ್ಮ ಗ್ರೂಪ್‌ಗಳ ತೀರ್ಪೇ!

ತನಿಖೆ ಮಾಡಿದವರು ಕಂಡಿದ್ದು ಇಷ್ಟು: ಎಚ್ಚರಿಕೆಯ ಇಮೇಲ್ ಕಳಿಸುವ ಪಟ್ಟಿ ಹಳೆಯದಾಗಿತ್ತು, ಹಾಗಾಗಿ ಅಪ್‌ಡೇಟ್ ಮಾಡಬೇಕಾದವರಿಗೆ ಅದು ತಲುಪಲೇ ಇಲ್ಲ. ದೋಷವಿರುವ ಕಂಪ್ಯೂಟರ್ ಹುಡುಕಲು ನಡೆಸಿದ ಸ್ಕ್ಯಾನ್‌ಗೂ ಅದು ಸಿಗಲಿಲ್ಲ. ನೆಟ್‌ವರ್ಕ್‌ನಲ್ಲಿ ಹೋಗಿಬರುವ ಡೇಟಾವನ್ನು ತಪಾಸಣೆ ಮಾಡುವ ಉಪಕರಣವಿತ್ತು, ಆದರೆ ಅದರ ಸರ್ಟಿಫಿಕೇಟ್ ಅವಧಿ ಮುಗಿದು ಎಷ್ಟೋ ತಿಂಗಳಾಗಿತ್ತು. ಗೇಟಿನಲ್ಲಿ ಕಾವಲುಗಾರ ಇದ್ದಾನೆ, ಕಣ್ಣು ಮಾತ್ರ ಮುಚ್ಚಿದೆ ಎನ್ನುವ ಸ್ಥಿತಿ. ಜುಲೈ 29ರಂದು ಆ ಸರ್ಟಿಫಿಕೇಟ್ ಬದಲಾಯಿಸಿದ ಕೂಡಲೇ ಅನುಮಾನಾಸ್ಪದ ಚಟುವಟಿಕೆ ಕಣ್ಣಿಗೆ ಬಿತ್ತು. ಇನ್ನೊಂದು ಕಡೆ, ಪಾಸ್‌ವರ್ಡ್‌ಗಳನ್ನು ಯಾರು ಬೇಕಾದರೂ ಓದಬಹುದಾದ ರೂಪದಲ್ಲಿ ಫೈಲಿನಲ್ಲಿ ಇಟ್ಟಿದ್ದರಿಂದ, ಮೊದಲು ನುಗ್ಗಿದ ವ್ಯವಸ್ಥೆಗೆ ಸಂಬಂಧವೇ ಇಲ್ಲದ 48 ಡೇಟಾಬೇಸ್‌ಗಳು ಕಳ್ಳರ ಕೈಗೆ ಸಿಕ್ಕವು.

ಆ ‘ಒಬ್ಬ ವ್ಯಕ್ತಿ’ಯನ್ನು ಮನೆಗೆ ಕಳಿಸಿದರೆ ಇವುಗಳಲ್ಲಿ ಯಾವುದು ಸರಿಯಾಗುತ್ತದೆ? ಒಂದೂ ಇಲ್ಲ.

ಗಿಟ್‌ಲ್ಯಾಬ್ ಮಾಡಿದ್ದು ಬೇರೆ

ಅದೇ ವರ್ಷ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಎಂಬ ಸಾಫ್ಟ್‌ವೇರ್ ಕಂಪನಿಯ ಇಂಜಿನಿಯರ್ ಒಬ್ಬರು ತಪ್ಪು ಸರ್ವರ್‌ನಲ್ಲಿ ಡಿಲೀಟ್ ಕಮಾಂಡ್ ಕೊಟ್ಟರು. ಒಂದೆರಡು ಸೆಕೆಂಡಿನಲ್ಲೇ ಗೊತ್ತಾಗಿ ನಿಲ್ಲಿಸಿದರೂ 300 ಜಿಬಿಯಷ್ಟಿದ್ದ ಡೇಟಾದಲ್ಲಿ ಉಳಿದಿದ್ದು 4.5 ಜಿಬಿ. ಇದು ಹ್ಯಾಕರ್‌ಗಳ ಕೆಲಸವಲ್ಲ, ಆದರೂ ಸೈಬರ್ ಭದ್ರತೆಯವರು ಇದನ್ನು ಪಾಠದಂತೆ ಓದುತ್ತಾರೆ.

ಕಂಪನಿ ಆ ಇಂಜಿನಿಯರ್ ಹೆಸರು ಹೇಳಲಿಲ್ಲ. ವರದಿಯಲ್ಲಿ ‘ತಂಡದ ಸದಸ್ಯ 1’ ಎಂದಷ್ಟೇ ಇದೆ. ಡೇಟಾ ಮರಳಿ ತರುವ ಕೆಲಸವನ್ನು ಯೂಟ್ಯೂಬ್‌ನಲ್ಲಿ ನೇರಪ್ರಸಾರ ಮಾಡಿದರು. ಬ್ಯಾಕಪ್ ಎಲ್ಲಿ ಎಂದು ಹುಡುಕಿದರೆ, ತಪ್ಪು ಆವೃತ್ತಿಯ ಸಾಫ್ಟ್‌ವೇರ್‌ನಿಂದಾಗಿ ದಿನನಿತ್ಯದ ಬ್ಯಾಕಪ್ ಆಗುತ್ತಲೇ ಇರಲಿಲ್ಲ. ‘ಬ್ಯಾಕಪ್ ಆಗಿಲ್ಲ’ ಎಂದು ಬರಬೇಕಿದ್ದ ಇಮೇಲ್‌ಗಳನ್ನು ಮೇಲ್ ಸರ್ವರ್ ತಿರಸ್ಕರಿಸುತ್ತಿತ್ತು! ಆರು ಗಂಟೆ ಮೊದಲು ಪರೀಕ್ಷೆಗೆಂದು ತೆಗೆದಿಟ್ಟಿದ್ದ ಒಂದು ಪ್ರತಿಯೇ ಕೊನೆಗೆ ಕಾಪಾಡಿತು.

ಬ್ಯಾಕಪ್ ಅನ್ನು ಆಗಾಗ ಪರೀಕ್ಷಿಸಲಿಲ್ಲ ಏಕೆ? ಅದು ಯಾರ ಜವಾಬ್ದಾರಿ ಎಂದೇ ಗೊತ್ತುಮಾಡಿರಲಿಲ್ಲ ಎಂದು ವರದಿ ಒಪ್ಪಿಕೊಂಡಿದೆ. ಇಂಥ ವಿಚಾರಣೆಯನ್ನು ಈ ಕ್ಷೇತ್ರದವರು ‘ಬ್ಲೇಮ್‌ಲೆಸ್ ಪೋಸ್ಟ್‌ಮಾರ್ಟಮ್’ ಎನ್ನುತ್ತಾರೆ (ಹೆಸರು ಕೇಳಿ ಗಾಬರಿಯಾಗಬೇಡಿ, ಇದು ಶವಪರೀಕ್ಷೆಯಲ್ಲ). ‘ಯಾರು ಮಾಡಿದರು’ ಎನ್ನುವುದಕ್ಕಿಂತ ‘ಆ ಹೊತ್ತಿನಲ್ಲಿ ಅವರಿಗೆ ಅದು ಸರಿ ಎಂದು ಏಕೆ ಕಂಡಿತು’ ಎಂದು ಕೇಳುವ ಪದ್ಧತಿ. ಉದ್ದೇಶಪೂರ್ವಕವಾಗಿ ಡೇಟಾ ಮಾರಿಕೊಂಡವರಿಗೆ ಇದು ರಕ್ಷಣೆ ಕೊಡುವುದಿಲ್ಲ. ‘ಪಾಠ ಕಲಿತಿದ್ದೇವೆ’ ಎಂದು ಪ್ರಕಟಣೆ ಕೊಟ್ಟು ಕೈತೊಳೆದುಕೊಳ್ಳುವ ಕಂಪನಿಗಳೂ ಇವೆ. ಏನು ಬದಲಾಗಬೇಕು, ಯಾರು, ಯಾವ ದಿನದೊಳಗೆ ಎಂದು ಬರೆಯದ ವರದಿಯನ್ನು ನಂಬುವುದು ಕಷ್ಟ.

ಬೈದರೆ ಏನಾಗುತ್ತದೆ?

ತಪ್ಪು ಹೇಳಿಕೊಂಡವರಿಗೆ ಶಿಕ್ಷೆಯಾದರೆ, ಮುಂದಿನ ಸಲ ಯಾರೂ ಹೇಳುವುದಿಲ್ಲ. ವಿಮಾನಯಾನದವರು ಇದನ್ನು ಬೇಗ ಅರ್ಥಮಾಡಿಕೊಂಡರು. ಪೈಲಟ್‌ಗಳು ತಮ್ಮ ತಪ್ಪನ್ನು ಗೌಪ್ಯವಾಗಿ ವರದಿ ಮಾಡುವ ವ್ಯವಸ್ಥೆಯನ್ನು ಅಮೆರಿಕದಲ್ಲಿ ನಾಸಾ 1976ರಿಂದ ನಡೆಸುತ್ತಿದೆ. ಸ್ವಿಟ್ಜರ್ಲೆಂಡ್‌ನ ಇಟಿಎಚ್ ಜ್ಯೂರಿಕ್ ಸಂಶೋಧಕರು ಒಂದು ಕಂಪನಿಯ 14,000ಕ್ಕೂ ಹೆಚ್ಚು ಸಿಬ್ಬಂದಿಗೆ 15 ತಿಂಗಳು ನಕಲಿ ಮೋಸದ ಇಮೇಲ್ ಕಳಿಸಿ ನೋಡಿದರು. ಲಿಂಕ್ ಒತ್ತಿದವರಿಗೆ ಅಲ್ಲೇ ಪಾಠ ತೋರಿಸುವ ಕ್ರಮ ನಿರೀಕ್ಷಿಸಿದ ಫಲ ಕೊಡಲಿಲ್ಲ. ಆದರೆ ‘ಇದು ಅನುಮಾನ’ ಎಂದು ವರದಿ ಮಾಡುವ ಬಟನ್ ಕೊಟ್ಟಾಗ, ಸಿಬ್ಬಂದಿಯೇ ಹೊಸ ಮೋಸಗಳನ್ನು ಬೇಗ ಹಿಡಿದುಕೊಟ್ಟರು.

ನಮ್ಮ ದೇಶದಲ್ಲಿ ಸೈಬರ್ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ಸಂಸ್ಥೆಗಳು ಸರ್ಟ್-ಇನ್‌ಗೆ ತಿಳಿಸಬೇಕು ಎಂದು 2022ರಲ್ಲಿ ನಿರ್ದೇಶನ ಬಂದಿದೆ. ಲಿಂಕ್ ಒತ್ತಿದ ಸಿಬ್ಬಂದಿ ಹೆದರಿ ಎರಡು ದಿನ ಸುಮ್ಮನಿದ್ದರೆ ಕಂಪನಿಯ ಗಮನಕ್ಕೆ ಅದು ಬರುವುದಾದರೂ ಹೇಗೆ?

ಮನೆಯಲ್ಲೂ ಇದೇ ಲೆಕ್ಕ. ಮದುವೆ ಆಮಂತ್ರಣದ ಹೆಸರಿನಲ್ಲಿ ಬಂದ ಎಪಿಕೆ ಫೈಲನ್ನು ಅಪ್ಪ ಇನ್‌ಸ್ಟಾಲ್ ಮಾಡಿ ಖಾತೆಯಿಂದ ಹಣ ಹೋಗಿದ್ದರೆ, ‘ಅಷ್ಟೂ ಗೊತ್ತಾಗಲ್ವಾ’ ಎಂಬ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಮೊಬೈಲ್ ಡೇಟಾ, ವೈಫೈ ಎರಡನ್ನೂ ಆಫ್ ಮಾಡಿ, ಬೇರೆ ಫೋನ್‌ನಿಂದ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೆ ತಿಳಿಸಿ ಖಾತೆ ಬ್ಲಾಕ್ ಮಾಡಿಸಿ. ಹಣ ಎಷ್ಟು ಹೊತ್ತಿಗೆ ಹೋಯಿತು, ವಹಿವಾಟಿನ ಸಂಖ್ಯೆ ಏನು ಎಂಬುದನ್ನು ಬರೆದಿಟ್ಟುಕೊಳ್ಳಿ. ಬಂದಿದ್ದ ಮೆಸೇಜನ್ನು ಡಿಲೀಟ್ ಮಾಡಬೇಡಿ, ದೂರು ಕೊಡುವಾಗ ಅದೇ ಸಾಕ್ಷಿ.