ಕಡಲ ಮೀನು ಯಾರ ಪಾಲು?

ಕಡಲ ಮೀನನ್ನು ಹಿಡಿಯುವ ಹಕ್ಕು ಯಾರಿಗೆ? ನ್ಯೂಜಿಲೆಂಡಿನ ಇತಿಹಾಸ ಈ ಪ್ರಶ್ನೆಗೆ ಒಳ್ಳೆಯ ಪಾಠ.

ಅಲ್ಲಿ ದೋಣಿಗಳು ಹೆಚ್ಚಿ ಕರಾವಳಿಯ ಮೀನು ಕ್ಷೀಣಿಸಿತು. 1983ರ ಕಾಯಿದೆಯ ಬಳಿಕ ಅರೆಕಾಲಿಕ ಮೀನುಗಾರರು ಪರವಾನಗಿ ಕಳೆದುಕೊಂಡರು. ಅವರಲ್ಲಿ ಮೂಲನಿವಾಸಿಗಳಾದ ಮಾವೋರಿಗಳು ಬಹಳ ಮಂದಿ. 1986ರಲ್ಲಿ ಸರಕಾರ ಮುಖ್ಯ ಜಾತಿಯ ಮೀನುಗಳಿಗೆ ವಾರ್ಷಿಕ ಮಿತಿ ಗೊತ್ತುಮಾಡಿ, ಅದನ್ನು ಮಾರಬಹುದಾದ ಪಾಲುಗಳಾಗಿ ಹಂಚಿತು. ಹಿಂದೆ ಹಿಡಿದ ಪ್ರಮಾಣವೇ ಅಳತೆಗೋಲು. ಹೊರಬಿದ್ದವರಿಗೆ ಪಾಲೇ ಇಲ್ಲ!

ಆದರೆ 1840ರ ವೈತಾಂಗಿ ಒಪ್ಪಂದವು ಮಾವೋರಿಗಳ ಮೀನುಗಾರಿಕೆಯನ್ನು ಕಾಪಾಡುವ ಮಾತು ಕೊಟ್ಟಿತ್ತು. ಅವರು ನ್ಯಾಯಾಲಯಕ್ಕೆ ಹೋದರು. 1987ರಲ್ಲಿ ಹೊಸ ಹಂಚಿಕೆಗೆ ತಡೆ ಬಂತು. 1992ರ ಇತ್ಯರ್ಥದಲ್ಲಿ ಸೀಲಾರ್ಡ್ ಕಂಪನಿಯ ಅರ್ಧ ಒಡೆತನ ಕೊಳ್ಳಲು ಹಣವೂ, ಮುಂದೆ ಸೇರುವ ಜಾತಿಗಳಲ್ಲಿ ಶೇಕಡಾ 20 ಪಾಲೂ ಅವರಿಗೆ ದೊರೆತವು.

ಮೀನು ಉಳಿಯಲು ಮಿತಿ ಬೇಕೇ ಬೇಕು. ಆದರೆ ಮಿತಿಯೊಳಗಿನ ಹಂಚಿಕೆ ನ್ಯಾಯವಾಗಿದೆಯೇ ಎಂಬುದನ್ನೂ ವಿದ್ಯಾರ್ಥಿಗಳು ವಿಚಾರಿಸಬೇಕು.