ಕಾರವಾರದ ನ್ಯಾಯಾಧೀಶರ ಮನೆ

ಸರ್ಕಾರಿ ನೌಕರನ ಆಸರೆಯಲ್ಲಿ ಬಂಧುಬಳಗವೆಲ್ಲ ಕಡಲತೀರಕ್ಕೆ ಹೊರಡುವುದು ಎಲ್.ಟಿ.ಸಿ. ತಂದ ರೂಢಿಯೆಂದು ನಮ್ಮಂಥ ಕೇಂದ್ರ ನೌಕರರು ಭಾವಿಸಿದ್ದೇವೆ. ಆದರೆ 1883ರಲ್ಲೇ ಕಲಕತ್ತೆಯ ಠಾಕೂರ್ ಮನೆತನದವರು ಕಾರವಾರದಲ್ಲಿ ಬೀಡುಬಿಟ್ಟಿದ್ದರು. ಕಾರಣ ನೌಕರಿಯೇ. ಐ.ಸಿ.ಎಸ್. ಸೇರಿದ ಮೊದಲ ಭಾರತೀಯ ಸತ್ಯೇಂದ್ರನಾಥರು ಅಲ್ಲಿ ನ್ಯಾಯಾಧೀಶರಾಗಿದ್ದರು. 1862ರಲ್ಲಿ ಉತ್ತರ ಕನ್ನಡ ಮದರಾಸನ್ನು ಬಿಟ್ಟು ಮುಂಬಯಿ ಪ್ರಾಂತ್ಯಕ್ಕೆ ಸೇರಿರದಿದ್ದರೆ, ಮುಂಬಯಿ ಪ್ರಾಂತ್ಯದ ಈ ಅಧಿಕಾರಿ ಅಲ್ಲಿಗೆ ಬರುತ್ತಲೇ ಇರಲಿಲ್ಲ. ಇಪ್ಪತ್ತೆರಡರ ಹರೆಯದ ತಮ್ಮ ರವೀಂದ್ರನಾಥರು ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ವಿಹರಿಸಿದರು. ‘ಪ್ರಕೃತಿರ್ ಪ್ರತಿಶೋಧ್’ ನಾಟಕವನ್ನು ಅಲ್ಲಿಯೇ ಬರೆದರು. ಲೋಕವನ್ನು ತೊರೆದ ಸನ್ಯಾಸಿಯೊಬ್ಬನನ್ನು ಅನಾಥ ಬಾಲೆಯ ಪ್ರೀತಿ ಮರಳಿ ಲೋಕಕ್ಕೆ ಸೆಳೆಯುವ ಕಥೆಯದು. ಮನೆಮಂದಿಯ ಗದ್ದಲದ ನಡುವೆ ಇದು ಹುಟ್ಟಿದ್ದು ಸಹಜವೇ ಎನ್ನಬೇಕು.

ನಮ್ಮ ಹಿರಿಯರಿಗಾದರೋ ಕಡಲೆಂದರೆ ವಿಹಾರವಲ್ಲ. ಗೋಕರ್ಣದ ಸ್ನಾನ, ಪಿತೃಕಾರ್ಯ. ಮಕ್ಕಳಿಗೆ ಬೇಕಾದದ್ದು ಮರಳು. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣಗೊಂಡ ಮೇಲೆ ಮುಂಬಯಿಯವರಿಗೆ ಕಾರವಾರ, ಗೋಕರ್ಣಗಳೆರಡೂ ಒಂದೇ ದಾರಿಯಲ್ಲಿವೆ. ಆದರೂ ನಮ್ಮ ಮನೆಯಲ್ಲಿ ಯಾವುದು ಮೊದಲೆಂಬ ವಾದ ತಿಂಗಳಿನಿಂದ ನಡೆದಿದೆ. ಮೊಣಕಾಲು ನೋವಿನ ಅಮ್ಮ, ಇದೇ ತಮ್ಮ ಕೊನೆಯ ಸಮುದ್ರಸ್ನಾನವೆನ್ನುತ್ತಾರೆ. ಆದ್ದರಿಂದ ಮೊದಲು ಗೋಕರ್ಣಕ್ಕೇ ಹೋಗುತ್ತೇವೆ. ಅವರಿಗೆ ಕೆಳಗಿನ ಬರ್ತ್ ಸಿಗುವುದೊಂದು ಬಾಕಿ.