ಎರ್ಗೊಟಮಿನ್ ಸಾಕ್ಷ್ಯ ಮತ್ತು ಮೆದುಳಿನ ರಕ್ತನಾಳ: ವುಲ್ಫ್ ವಾದದ ಮರುಪರಿಶೀಲನೆ

ಅರೆತಲೆಶೂಲೆಗೆಂದು ಹುಬ್ಬಳ್ಳಿಯ ದೇಶಪಾಂಡೆ ನಗರದ ಔಷಧ ಅಂಗಡಿಗೆ ಹೋದವರಿಗೆ ಎರ್ಗೊಟಮಿನ್, ಕೆಫೀನ್ ಬೆರೆತ ಗುಳಿಗೆ ಸಿಗುವುದು ಹೊಸದಲ್ಲ. ಆ ಗುಳಿಗೆಯ ಬೆನ್ನಿಗೆ 1938ರ ಒಂದು ವಾದವಿದೆ. ಎರ್ಗೊಟಮಿನ್ ಕೊಟ್ಟಾಗ ಹಣೆಬದಿಯ ಧಮನಿಯ ಮಿಡಿತ ತಗ್ಗುತ್ತದೆ, ನೋವೂ ಜೊತೆಗೇ ಇಳಿಯುತ್ತದೆ ಎಂದು ಜಾನ್ ಗ್ರಹಾಂ ಮತ್ತು ಹೆರಾಲ್ಡ್ ವುಲ್ಫ್ ತೋರಿಸಿದರು. ನಾಳ ಹಿಗ್ಗುವುದೇ ನೋವಿನ ಮೂಲವೆಂದು ಬಗೆದರು. ಅವರ ಅಳತೆಯ ಬಗ್ಗೆ ನನ್ನ ತಕರಾರಿಲ್ಲ, ತೀರ್ಮಾನದ ಬಗ್ಗೆ ಇದೆ. ಬೆಂಗಳೂರು ಸೀಮೆಯ 2,329 ಜನರ ಸಮೀಕ್ಷೆಯಲ್ಲಿ (2014) ಒಂದು ವರ್ಷದೊಳಗೆ ಅರೆತಲೆಶೂಲೆ ಅನುಭವಿಸಿದವರು ಶೇ. 25.2 ಇದ್ದರೆಂದ ಮೇಲೆ ಇದು ಬರಿಯ ಪಂಡಿತರ ಜಗಳವಲ್ಲ.

ಮೆದುಳಿನ ಧಮನಿಗಳಿಗೆ ಮೂರು ಕಡೆಯಿಂದ ನರಗಳು ಬರುತ್ತವೆಂಬುದರಲ್ಲಿ ಈಗ ಭಿನ್ನಮತವಿಲ್ಲ. ಸಿಂಪಥೆಟಿಕ್ ನರಗಳು ನಾರ್‌ಅಡ್ರಿನಲಿನ್ ಮತ್ತು ನ್ಯೂರೋಪೆಪ್ಟೈಡ್ ವೈ ಸ್ರವಿಸಿ ನಾಳವನ್ನು ಕುಗ್ಗಿಸುತ್ತವೆ. ಪ್ಯಾರಾಸಿಂಪಥೆಟಿಕ್ ನರಗಳು ವಿಐಪಿ ಎಂಬ ಪೆಪ್ಟೈಡ್, ನೈಟ್ರಿಕ್ ಆಕ್ಸೈಡ್‌ಗಳಿಂದ ಹಿಗ್ಗಿಸುತ್ತವೆ. ಟ್ರೈಜೆಮಿನಲ್ ಸಂವೇದಿ ನರಗಳಲ್ಲಿ ನಾಳವನ್ನು ಹಿಗ್ಗಿಸುವ, 37 ಅಮೈನೋ ಆಮ್ಲಗಳ ಪೆಪ್ಟೈಡ್ ಆದ ಸಿಜಿಆರ್‌ಪಿ ಇದೆ. ಬೆಕ್ಕುಗಳಲ್ಲಿ ಟ್ರೈಜೆಮಿನಲ್ ನರ ಕಡಿದಾಗ ಕುಗ್ಗಿದ ನಾಳ ಮೊದಲಿನ ಸ್ಥಿತಿಗೆ ಮರಳಲು ಹೆಚ್ಚು ಹೊತ್ತು ಹಿಡಿಯಿತೆಂದು 1986ರಲ್ಲೇ ಕಂಡುಬಂದಿತ್ತು.

ವಿವಾದ ಇರುವುದು ನೋವಿನ ವಿಷಯದಲ್ಲಿ. ಎರ್ಗೊಟಮಿನ್ ನಾಳವನ್ನಷ್ಟೇ ಬಿಗಿಯುವುದಿಲ್ಲ. ಸೆರಟೋನಿನ್ ಗ್ರಾಹಕಗಳ ಮೂಲಕ ನರತುದಿಯಿಂದ ಸಿಜಿಆರ್‌ಪಿ ಹೊರಬೀಳುವುದನ್ನೂ ತಡೆಯುತ್ತದೆ. ಹಾಗಾದರೆ ನೋವು ಇಳಿದದ್ದು ಯಾವುದರಿಂದ? ಗ್ರಹಾಂ–ವುಲ್ಫ್ ಪ್ರಯೋಗ ಇವೆರಡನ್ನೂ ಬೇರ್ಪಡಿಸಲಾರದು. ಬೇರ್ಪಡಿಸಿದ ಪ್ರಯೋಗಗಳು ಆಮೇಲೆ ಬಂದವು. 2003ರಲ್ಲಿ ಡೆನ್ಮಾರ್ಕಿನಲ್ಲಿ ಸಿಲ್ಡೆನಫಿಲ್ ಔಷಧ ಸೇವಿಸಿದ 12 ರೋಗಿಗಳಲ್ಲಿ 10 ಮಂದಿಗೆ ಅರೆತಲೆಶೂಲೆ ಬಂತು, ಮೆದುಳಿನ ಮಧ್ಯ ಧಮನಿಯ ಅಗಲ ಮಾತ್ರ ಬದಲಾಗಲಿಲ್ಲ. 2004ರಲ್ಲಿ ಸಿಜಿಆರ್‌ಪಿ ಗ್ರಾಹಕವನ್ನು ತಡೆಯುವ ಓಲ್ಸೆಜೆಪ್ಯಾಂಟ್, ನಾಳವನ್ನು ಬಿಗಿಯುವ ಗುಣವಿಲ್ಲದೆಯೂ ನೋವು ಶಮನಗೊಳಿಸಿತು.

ಇಷ್ಟರಿಂದ ನಾಳವನ್ನು ನಿರಪರಾಧಿ ಎನ್ನಬಹುದೆ? ಅಷ್ಟು ದೂರ ಹೋಗಲು ನನಗೆ ಧೈರ್ಯವಿಲ್ಲ. ನಾಳ ಹಿಗ್ಗಿಸಿದರೂ ವಿಐಪಿ ಶೂಲೆ ತರಲಿಲ್ಲವೆಂಬ 2008ರ ಫಲಿತಾಂಶ ನನ್ನ ಪಕ್ಷಕ್ಕೆ ದೊಡ್ಡ ಆಸರೆಯಾಗಿತ್ತು. ಆದರೆ ಆಗ ಕೊಟ್ಟದ್ದು ಅರ್ಧ ಗಂಟೆಗೂ ಕಡಿಮೆ ಹೊತ್ತು. 2021ರಲ್ಲಿ ಅದನ್ನೇ ಎರಡು ಗಂಟೆ ಹರಿಸಿದಾಗ 21ರಲ್ಲಿ 15 ಜನರಿಗೆ ಶೂಲೆ ಬಂತು. ಹಿಗ್ಗುವಿಕೆ ದೀರ್ಘವಾದರೆ ನೋಯಬಹುದು ಎಂಬ ವಾದಕ್ಕೆ ಇದು ಬಲ ಕೊಡುತ್ತದೆ, ವಿಐಪಿ ನಾಳದಾಚೆಯ ಗ್ರಾಹಕಗಳನ್ನೂ ಮುಟ್ಟುತ್ತದೆಂಬ ಮರುಮಾತು ಉಳಿದಿದ್ದರೂ. ಸಿಜಿಆರ್‌ಪಿಯ ಸಾಕ್ಷ್ಯವೂ ಏಕಮುಖವಲ್ಲ: 1990ರಲ್ಲಿ ಗೋಡ್ಸ್‌ಬಿ ಮತ್ತು ಎಡ್ವಿನ್‌ಸನ್ ಶೂಲೆಯ ವೇಳೆ ಕುತ್ತಿಗೆಯ ಜುಗುಲರ್ ರಕ್ತದಲ್ಲಿ ಅದು ಏರಿದ್ದನ್ನು ಕಂಡರು, 2005ರ ಡ್ಯಾನಿಶ್ ಅಧ್ಯಯನದಲ್ಲಿ ಅಂಥ ಏರಿಕೆ ಕಾಣಲಿಲ್ಲ. ನನ್ನ ವಾದ ಇಷ್ಟಕ್ಕೇ ಸೀಮಿತ: ಎರ್ಗೊಟಮಿನ್‌ನ ಯಶಸ್ಸನ್ನು ವುಲ್ಫ್ ಪಕ್ಷದ ಸಾಕ್ಷಿಯಾಗಿ ನಿಲ್ಲಿಸುವಂತಿಲ್ಲ.

ನಮ್ಮ ಕಡೆ ತಲೆ ಎರೆದುಕೊಂಡ ದಿನವೇ ಶೂಲೆ ಏಳುತ್ತದೆ ಎಂದು ಹೆಂಗಸರು ಹೇಳುವುದುಂಟು. ಮುಂಬೈನ ಕೆ. ರವಿಶಂಕರ್ 2006ರಲ್ಲಿ ಇಂಥ 94 ರೋಗಿಗಳನ್ನು ವರದಿ ಮಾಡಿದ್ದಾರೆ. ಇದರಲ್ಲಿ ಬಿಸಿನೀರಿನಿಂದ ಹಿಗ್ಗುವ ನಾಳದ ಪಾತ್ರವೆಷ್ಟು, ನೆತ್ತಿಯ ಟ್ರೈಜೆಮಿನಲ್ ನರತುದಿಗಳ ಪಾತ್ರವೆಷ್ಟು ಎಂಬುದು ತೆರೆದ ಪ್ರಶ್ನೆ. ಹುಬ್ಬಳ್ಳಿ–ಧಾರವಾಡದ ನರರೋಗ ವೈದ್ಯರು ತಲೆಶೂಲೆಯ ರೋಗಿಗಳನ್ನು ಈ ಬಗ್ಗೆ ಕೇಳಿ, ನೀರಿನ ಬಿಸಿ, ಕೂದಲು ಒಣಗಿದ ಹೊತ್ತು, ಶೂಲೆ ಎದ್ದ ಹೊತ್ತುಗಳನ್ನು ದಾಖಲಿಸಿಡಬೇಕೆಂದು ಕೋರುತ್ತೇನೆ.